ನೋಟಗಳ ನಡುವಿನ ಎರಡು ಕಿಲೋಮೀಟರ್

ಬೆಂಗಳೂರಿನಲ್ಲಿ ನಡೆದು ನೋಡಬೇಕಾದ ಜಾಗಗಳು ಯಾವುವು ಎಂದು ಕೇಳಿದರೆ ಹತ್ತು ಜನ ಹತ್ತು ಪಟ್ಟಿ ಕೊಡುತ್ತಾರೆ, ಆ ಹತ್ತರಲ್ಲೂ ಲಾಲ್‌ಬಾಗ್, ಪೇಟೆ, ಕಬ್ಬನ್ ಪಾರ್ಕ್ ಇದ್ದೇ ಇರುತ್ತವೆ. ಒಂದರಿಂದ ಇನ್ನೊಂದಕ್ಕೆ ಕಾಲುನಡಿಗೆಯಲ್ಲಿ ಹೋಗುವುದು ಹೇಗೆ ಎಂದು ಕೇಳಿ ನೋಡಿ, ಹತ್ತೂ ಜನ ಒಂದೇ ಬಾಯಲ್ಲಿ ಆಟೋ ಹಿಡಿಯಿರಿ ಎನ್ನುತ್ತಾರೆ. ಇಷ್ಟು ದೊಡ್ಡ ಊರಿನಲ್ಲಿ ನಡಿಗೆಯ ದಾರಿಯೊಂದನ್ನು ಹೆಣೆಯುವಾಗ ತಲೆ ಕೆಡಿಸಿಕೊಳ್ಳಬೇಕಾದದ್ದು ನೋಡುವ ಜಾಗಗಳ ಬಗ್ಗೆ ಅಲ್ಲವೇ ಅಲ್ಲ, ಅವುಗಳ ನಡುವಿನ ಸಂದುಗಳ ಬಗ್ಗೆ. ಈ ಮಾತನ್ನು ನಾನು ಸೋದರಮಾವನ ಕಣಕಾಲಿನಿಂದ ಕಲಿತೆ.

ಅರವತ್ತೆಂಟು ದಾಟಿದ ಮಾವ ಶಿವಮೊಗ್ಗದಿಂದ ಬಂದಿದ್ದರು. ಬಸವನಗುಡಿಯಿಂದ ವಿಧಾನಸೌಧದವರೆಗೆ ನಡೆದೇ ಹೋಗೋಣ ಎಂದದ್ದು ಅವರೇ, ಫೋನಿನ ನಕ್ಷೆಯಲ್ಲಿ ಅತಿ ಹತ್ತಿರದ ದಾರಿ ಹುಡುಕಿದ್ದು ಮಾತ್ರ ನಾನು. ಲಾಲ್‌ಬಾಗ್‌ನಿಂದ ಹೊರಬಿದ್ದ ಮೇಲೆ ನಕ್ಷೆ ನಮ್ಮನ್ನು ಜೆ.ಸಿ. ರಸ್ತೆಗೆ ತಂದು ಬಿಟ್ಟಿತು. ವಾಹನದ ಬಿಡಿಭಾಗಗಳಿಗೆ ಹೆಸರಾದ ಆ ಬೀದಿಯಲ್ಲಿ ಅಂದು ಫುಟ್‌ಪಾತ್ ಮೇಲೆ ಬಂಪರ್‌ಗಳು, ಹಳೇ ಟೈರುಗಳು, ಅರ್ಧ ಬಿಚ್ಚಿದ ಸ್ಕೂಟರು. ಚರಂಡಿಯ ಮೇಲೆ ಹಾಸಿದ್ದ ಚಪ್ಪಡಿಯೊಂದು ಮಾವನ ಕಾಲ ಕೆಳಗೆ ಡಬ್ ಎಂದು ಒಂದು ಕಡೆ ವಾಲಿತು. ಪಾದ ಉಳುಕಿತು. ವಿಧಾನಸೌಧ ನೋಡುವ ಕಾರ್ಯಕ್ರಮ ಮನೆಯಲ್ಲಿ ಬಿಸಿನೀರಿನ ಶಾಖದೊಂದಿಗೆ ಮುಗಿಯಿತು.

ಮುಂದಿನ ಸಲ ಅವರು ಬಂದಾಗ ಅದೇ ದಾರಿಯನ್ನು ಮತ್ತೆ ಹೆಣೆದೆ. ಭಾನುವಾರ ಬೆಳಿಗ್ಗೆ ಬ್ಯೂಗಲ್ ರಾಕ್‌ನಿಂದ ಹೊರಟು, ದೊಡ್ಡ ಬಸವಣ್ಣನಿಗೆ ಕೈಮುಗಿದು, ಗಾಂಧಿ ಬಜಾರಿನ ಹೂವಿನವರನ್ನು ಹಾದು, ಆರ್.ವಿ. ರಸ್ತೆ ದಾಟಿ ಲಾಲ್‌ಬಾಗ್‌ನ ಪಶ್ಚಿಮ ದ್ವಾರ ಸೇರುವುದು ಮೊದಲ ತುಂಡು. 1898ರ ಪ್ಲೇಗಿನ ನಂತರ ಗಾಳಿ, ಬೆಳಕು ಆಡುವಂತೆ ಅಗಲ ರಸ್ತೆಗಳನ್ನಿಟ್ಟು ಬೆಳೆಸಿದ ಬಡಾವಣೆಯಾದ್ದರಿಂದ ಬಸವನಗುಡಿಯ ಹಳೆಯ ಬೀದಿಗಳಲ್ಲಿ ಇಂದಿಗೂ ಮರದ ನೆರಳು ಉಳಿದಿದೆ, ಇಬ್ಬರು ಜೊತೆಯಾಗಿ ಮಾತಾಡುತ್ತ ನಡೆಯಬಹುದು.

ಲಾಲ್‌ಬಾಗ್‌ನ 240 ಎಕರೆಯನ್ನೂ ಸುತ್ತಬೇಕೆಂಬ ಹಟ ಬೇಡ ಎಂಬುದು ನನ್ನ ಅಭಿಪ್ರಾಯ. 1760ರಲ್ಲಿ ಹೈದರಾಲಿ ಶುರುಮಾಡಿದ ತೋಟ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸನ್ನು ಹೋಲುವಂತೆ ಕಟ್ಟಿದ ಗಾಜಿನ ಮನೆ, ಇವೆಲ್ಲ ಸರಿ. ಆದರೆ ಹೊತ್ತು ಕೊಡಬೇಕಾದದ್ದು ಬಂಡೆಗೆ. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದೆಂದು ಭೂವಿಜ್ಞಾನಿಗಳು ಹೇಳುವ, ನೈಸ್ (gneiss) ಎಂಬ ಪಟ್ಟಿಪಟ್ಟಿಯ ಈ ಶಿಲೆಯ ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವಿದೆ. ಬರಿಗಾಲಿನಲ್ಲಿ ನಿಂತರೆ ಏಳು ಗಂಟೆಗೂ ಬಂಡೆ ತಣ್ಣಗಿರುತ್ತದೆ. ಬೂದು ಮತ್ತು ಬಿಳಿಯ ಪಟ್ಟಿಗಳು ಹಿಟ್ಟು ನಾದಿ ಮಡಿಸಿದಂತೆ ಸುರುಳಿಯಾಗಿ ಹರಿಯುವುದು ಕೂತು ನೋಡಿದರಷ್ಟೇ ಕಾಣುತ್ತದೆ. ಬ್ಯೂಗಲ್ ರಾಕ್ ಕೂಡ ಇದೇ ಜಾತಿಯ ಕಲ್ಲು ಎಂದಾಗ ಮಾವ, "ಹಾಗಾದರೆ ನಾವು ಇನ್ನೂ ಹೊರಟ ಜಾಗದಲ್ಲೇ ಇದ್ದೇವೆ" ಎಂದರು.

ಇನ್ನು ಆ ಸಂದು. ಲಾಲ್‌ಬಾಗ್‌ನಿಂದ ಮಾರುಕಟ್ಟೆಯವರೆಗಿನ ಸುಮಾರು ಎರಡು ಕಿಲೋಮೀಟರನ್ನು ಈ ಸಲ ನಾನು ನಡಿಗೆಯಿಂದಲೇ ಕಿತ್ತು ಹಾಕಿದೆ. ಬಂಡೆಯಿಂದ ಇಳಿದು ಮತ್ತೆ ಪಶ್ಚಿಮ ದ್ವಾರಕ್ಕೆ ಬಂದು ಹಸಿರು ಮಾರ್ಗದ ಮೆಟ್ರೊ ಹತ್ತಿದರೆ, ಮೊದಲು ನ್ಯಾಷನಲ್ ಕಾಲೇಜು, ಎರಡನೆಯ ನಿಲ್ದಾಣವೇ ಕೆ.ಆರ್. ಮಾರುಕಟ್ಟೆ. ಭಾನುವಾರ ಮೊದಲ ರೈಲು ಉಳಿದ ದಿನಗಳಿಗಿಂತ ತಡ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು. ಮಧ್ಯೆ ರೈಲು ಹತ್ತಿದರೆ ಅದು ನಡಿಗೆ ಹೇಗಾಗುತ್ತದೆ ಎಂದು ಗೆಳೆಯರೊಬ್ಬರು ಆಕ್ಷೇಪಿಸಿದರು. ಇದೇನು ಹರಕೆ ಹೊತ್ತ ಪಾದಯಾತ್ರೆಯೇ? ನಡೆಯಲು ಯೋಗ್ಯವಲ್ಲದ ತುಂಡನ್ನು ನಡೆದು ತೀರಿಸುವುದರಲ್ಲಿ ಹೆಮ್ಮೆ ಪಡುವಂಥದ್ದು ಏನೂ ಇಲ್ಲ. ಆ ಫುಟ್‌ಪಾತ್ ರಿಪೇರಿಯಾಗಬೇಕು ಎಂದು ನಾನೂ ಒತ್ತಾಯಿಸುತ್ತೇನೆ, ಆದರೆ ಅದಕ್ಕಾಗಿ ಮಾವನ ಇನ್ನೊಂದು ಕಾಲನ್ನೂ ಪಣಕ್ಕಿಡಲಾರೆ.

ಸಿದ್ದಿಕಟ್ಟೆ ಎಂಬ ಕೆರೆಯಿದ್ದ ಜಾಗದಲ್ಲಿ ಎದ್ದ ಈ ಮಾರುಕಟ್ಟೆಯ ಹೂವಿನ ಅಂಗಳವನ್ನು ಮೇಲಿನಿಂದ ನೋಡಬೇಕು. ಸೇವಂತಿಗೆ, ಚೆಂಡು ಹೂಗಳ ರಾಶಿಗಳ ನಡುವೆ ತಲೆಯ ಮೇಲೆ ಮೂಟೆ ಹೊತ್ತವರು "ಸೈಡು, ಸೈಡು" ಎನ್ನುತ್ತ ನುಗ್ಗುವಾಗ ಕೆಳಗೆ ನಿಂತು ಫೋಟೊ ತೆಗೆಯುವುದು ಅವರ ದುಡಿಮೆಗೆ ಅಡ್ಡಿ. ಅಲ್ಲಿಂದ ಅವೆನ್ಯೂ ರಸ್ತೆ, ಅಂದರೆ ಹಳೆಯ ದೊಡ್ಡಪೇಟೆ. ವಾರದ ದಿನಗಳಲ್ಲಿ ಇಲ್ಲಿ ನಡೆಯುವವರ ಕಣ್ಣು ನೆಲದ ಮೇಲೆ ಮತ್ತು ಎದುರು ಬರುವ ದ್ವಿಚಕ್ರಗಳ ಮೇಲೆ ಇರುತ್ತದೆ. ಭಾನುವಾರ ಬೆಳಿಗ್ಗೆ ಹೆಚ್ಚಿನ ಶಟರುಗಳು ಮೇಲೇರದ ಹೊತ್ತಿನಲ್ಲಿ ಮಾತ್ರ ತಲೆಯೆತ್ತಿ ನಡೆಯಲು ಸಾಧ್ಯ. ಆಗ ಫಲಕಗಳ ಹಿಂದೆ ಮರದ ಬಾಲ್ಕನಿಯ ತುಂಡೊಂದು, ಗಾರೆಯಲ್ಲಿ ಮೂಡಿಸಿದ ಇಸವಿಯೊಂದು ಇಣುಕುತ್ತವೆ. ಚಿಕ್ಕಪೇಟೆ ಅಡ್ಡ ಹಾಯುವ ಚೌಕದಲ್ಲಿ ಕೆಂಪೇಗೌಡರು ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿ ಊರು ಕಟ್ಟಿದರೆಂಬ ಪ್ರತೀತಿಯಿದೆ. ಮಾವ ಅಲ್ಲಿ ನಿಂತು ನಾಲ್ಕೂ ಕಡೆ ತಿರುಗಿ ನೋಡಿದರು.

ಮೈಸೂರು ಬ್ಯಾಂಕ್ ವೃತ್ತದಿಂದ ಸೆಂಟ್ರಲ್ ಕಾಲೇಜಿನ ಬದಿಯಾಗಿ ಕೆ.ಆರ್. ವೃತ್ತ ತಲುಪುವ ಭಾಗದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅದರಾಚೆ 1870ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕ್, ಭಾನುವಾರ ಒಳರಸ್ತೆಗಳಲ್ಲಿ ವಾಹನ ಸಂಚಾರವಿಲ್ಲ. ದಾರಿಯ ಕೊನೆಗೆ ಇದನ್ನೇ ಇಟ್ಟದ್ದಕ್ಕೆ ಕಾರಣ ಬಿಸಿಲು. ಹೊತ್ತೇರುವಷ್ಟರಲ್ಲಿ ನೆರಳಿನೊಳಗೆ ಇರಬೇಕು, ಕೂರಲು ಬೆಂಚು ಬೇಕು, ಹಿರಿಯರು ಜೊತೆಗಿದ್ದರೆ ಶೌಚಾಲಯ ಎಲ್ಲಿದೆ ಎಂಬುದು ಮೊದಲೇ ಗೊತ್ತಿರಬೇಕು. ಈ ಕೊನೆಯದನ್ನು ಯಾವ ಪ್ರವಾಸಿ ಪಟ್ಟಿಯೂ ಬರೆಯುವುದಿಲ್ಲ.

ಇದೇ ದಾರಿ ಹಿಡಿಯುವವರಿಗೆ ತಿಂಗಳ ವಿಷಯ ಹೇಳಿಬಿಡುತ್ತೇನೆ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಗಳ ದಿನಗಳಲ್ಲಿ ಲಾಲ್‌ಬಾಗ್ ಬೇಡವೇ ಬೇಡ, ಅಲ್ಲಿ ಹೂವಿಗಿಂತ ಬೆನ್ನುಗಳೇ ಹೆಚ್ಚು ಕಾಣುತ್ತವೆ. ಫೆಬ್ರುವರಿ ಆಗಬಹುದು, ಟಬೆಬುಯಾ ಅರಳಿರುತ್ತದೆ. ನಾವು ಹೋದದ್ದು ಮಾರ್ಚ್ ಮೊದಲ ವಾರ. ಹೈಕೋರ್ಟ್ ಇರುವ ಅಠಾರಾ ಕಚೇರಿಯ ಕೆಂಪು ಗೋಡೆ ಕಾಣುವಂತೆ ಒಂದು ಬೆಂಚು ಹಿಡಿದ ಮಾವ ಶೂ ಬಿಚ್ಚಿ, ಹಿಂದಿನ ಸಲ ಉಳುಕಿದ್ದ ಪಾದವನ್ನು ಒಮ್ಮೆ ತಿರುಗಿಸಿ ನೋಡಿಕೊಂಡು, ವಿಧಾನಸೌಧ ಯಾವ ಕಡೆ ಎಂದು ಕೇಳಿದರು.