ವಾಚನ್ನು ಮೆಡಲಿಂದ ಬೇರೆ ಮಾಡ್ಬೇಡಿ

ನಮ್ಮ ಕೊಡಗಿನ ಹಿರಿಯ ಮಾಜಿ ಸೈನಿಕರೊಬ್ಬರ ವಾಚು, ಮೆಡಲು, ಪೇ ಬುಕ್ಕು (ಸೈನ್ಯದ ಸಂಬಳದ ಪುಸ್ತಕ), ಫೋಟೋ ಎಲ್ಲ ಆನ್‌ಲೈನ್ ಹರಾಜಿಗೆ ಬಂದಿದೆ ಅಂತ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಫಾರ್ವರ್ಡ್ ಓಡಾಡ್ತಾ ಉಂಟು, ನೀವೂ ನೋಡಿರ್ತೀರಿ. ಆ ಮನೆಯವ್ರನ್ನ ಜನ ಬಾಯಿಗೆ ಬಂದ ಹಾಗೆ ಬೈತಾ ಇದ್ದಾರೆ. ಒಕ್ಕದ (ಮನೆತನದ) ಮಾನ ಮಾರಿದ್ರು, ಗುರುಕಾರಣರಿಗೆ (ಕುಲದ ಹಿರಿಯರಿಗೆ) ಅವಮಾನ ಮಾಡಿದ್ರು ಅಂತೆಲ್ಲ. ದಯವಿಟ್ಟು ಬೈಯೋದು ನಿಲ್ಸಿ. ಯಾರ ಮನೇಲಿ ಆಸ್ಪತ್ರೆ ಬಿಲ್ ಎಷ್ಟಾಗಿದೆ, ಆಸ್ತಿ ಪಾಲಾಗುವಾಗ ಏನೇನು ನಡೀತು, ಒಂದೇ ವಾಚನ್ನ ನಾಲ್ಕು ಮಕ್ಕಳಿಗೆ ಹೆಂಗೆ ಹಂಚೋದು, ಇದೆಲ್ಲ ಹೊರಗೆ ಕೂತವರಿಗೆ ಗೊತ್ತಾಗಲ್ಲ. ಮಾರೋದು ಅವರ ಹಕ್ಕು.

ನನಗೆ ನಿಜವಾಗ್ಲೂ ಹೊಟ್ಟೆ ಉರಿದಿದ್ದು ಬೇರೆ ವಿಷಯಕ್ಕೆ. ಲಿಸ್ಟ್ ತೆಗೆದು ನೋಡಿದ್ರೆ ವಾಚು ಒಂದು ಲಾಟು (ಹರಾಜಲ್ಲಿ ಒಟ್ಟಿಗೆ ಮಾರೋ ಗುಂಪು), ಮೆಡಲುಗಳು ಇನ್ನೊಂದು ಲಾಟು, ಫೋಟೋ ಕಾಗದಪತ್ರ ಎಲ್ಲ ಸೇರಿಸಿ "ಇತರೆ" ಅಂತ ಮೂರನೇದು. ವಾಚ್ ಸಂಗ್ರಹ ಮಾಡೋನು ವಾಚ್ ತಗೋತಾನೆ, ಮೆಡಲ್ ಹುಚ್ಚಿನವನು ಮೆಡಲ್ ತಗೋತಾನೆ, ಪೇ ಬುಕ್ಕನ್ನ ಯಾರೂ ಕೇಳದೆ ಹೋದ್ರೆ ರದ್ದಿಗೆ ಹೋಗ್ತದೆ. ಆಮೇಲೆ ಆ ವಾಚು ಮುಂಬೈಲೋ ಲಂಡನ್ನಲ್ಲೋ ಒಂದು ಗಾಜಿನ ಪೆಟ್ಟಿಗೆ ಒಳಗೆ "ಹಳೇ ಮಿಲಿಟರಿ ವಾಚ್" ಅಂತ ಕೂತಿರ್ತದೆ, ಕಟ್ಟಿದ್ದ ಮನುಷ್ಯನ ಹೆಸರು ಅಲ್ಲಿಗೆ ಮುಗೀತು.

ಮೆಡಲ್ ಅಂಚನ್ನ ಯಾವತ್ತಾದ್ರೂ ಬೆಳಕಿಗೆ ಹಿಡಿದು ನೋಡಿದ್ದೀರಾ? ಮುಂದೆ ಹಿಂದೆ ಅಲ್ಲ, ಅಂಚು. ನಂಬರು, ರ್‍ಯಾಂಕು, ಹೆಸರು, ರೆಜಿಮೆಂಟು ಸಣ್ಣ ಅಕ್ಷರದಲ್ಲಿ ಕೊರೆದಿರ್ತಾರೆ, ಉಗುರು ಎಳೆದ್ರೆ ಕೈಗೆ ಸಿಗ್ತದೆ. 1947ರ ಜನರಲ್ ಸರ್ವಿಸ್ ಮೆಡಲ್ ಮೇಲೆ ಜಮ್ಮು ಅಂಡ್ ಕಾಶ್ಮೀರ್ ಅಂತ ಬರೆದ ಲೋಹದ ಪಟ್ಟಿ ಇದ್ರೆ ಆ ಮನುಷ್ಯ ಸ್ವಾತಂತ್ರ್ಯ ಬಂದ ಬೆನ್ನಿಗೇ ಆದ ಯುದ್ಧಕ್ಕೆ ಕಾಶ್ಮೀರಕ್ಕೆ ಹೋಗಿದ್ದ ಅಂತ ಅರ್ಥ. ವಾಚಿಗೆ ಈ ಭಾಗ್ಯ ಇಲ್ಲ, ಅದರ ಮೇಲೆ ಕಂಪನಿ ಹೆಸರು ಬಿಟ್ರೆ ಹೆಚ್ಚಾಗಿ ಏನೂ ಇರಲ್ಲ. ಅದು ಯಾರ ಕೈಯಲ್ಲಿತ್ತು ಅಂತ ಹೇಳೋಕೆ ಜೊತೆಗಿರೋ ಮೆಡಲು, ಪೇ ಬುಕ್ಕು, ಅದನ್ನ ಕಟ್ಟಿಕೊಂಡು ತೆಗೆಸಿದ ಫೋಟೋನೇ ಬೇಕು.

ದುಡ್ಡಿನ ಲೆಕ್ಕದಲ್ಲೂ ಬಿಡಿ ಮಾಡೋದು ನಷ್ಟನೇ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಕೈಲಿ ಸೆರೆ ಸಿಕ್ಕ ಬ್ರಿಟಿಷ್ ಸೈನಿಕರಿಗೆ ರೋಲೆಕ್ಸ್ ಮಾಲೀಕ ಹಾನ್ಸ್ ವಿಲ್ಸ್‌ಡಾರ್ಫ್, ದುಡ್ಡು ಯುದ್ಧ ಮುಗಿದ ಮೇಲೆ ಕೊಡಿ ಅಂತ ಹೇಳಿ ಸೆರೆಶಿಬಿರಕ್ಕೇ ವಾಚ್ ಕಳಿಸಿದ್ದ. ಅಂಥದ್ದೇ ಒಂದು ವಾಚು, ಜೆರಾಲ್ಡ್ ಐಮ್ಸನ್ ಅನ್ನೋ ಕೈದಿದು, 2022ರ ಜೂನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಲ್ಲಿ 1,89,000 ಡಾಲರಿಗೆ ಹೋಯ್ತು. ಬರೀ ಸ್ಟೀಲ್ ವಾಚದು, ಚಿನ್ನ ಅಲ್ಲ. ಯಾರು, ಯಾವ ಶಿಬಿರ ಅಂತ ಗೊತ್ತಿದ್ದಿದ್ದಕ್ಕೆ ಆ ಬೆಲೆ. ಗಾಂಧೀಜಿಯವರ ಜೆನಿತ್ ಪಾಕೆಟ್ ವಾಚು 2009ರ ಮಾರ್ಚಲ್ಲಿ ಅದೇ ನ್ಯೂಯಾರ್ಕಲ್ಲಿ ಹರಾಜಿಗೆ ಬಂದಾಗ ಕನ್ನಡಕ, ಚಪ್ಪಲಿ, ತಟ್ಟೆ, ಬಟ್ಟಲು ಎಲ್ಲ ಸೇರಿಸಿ ಒಂದೇ ಲಾಟ್ ಮಾಡಿದ್ರು, 18 ಲಕ್ಷ ಡಾಲರಿಗೆ ವಿಜಯ್ ಮಲ್ಯ ತಗೊಂಡ್ರು. ಅವತ್ತು ಅದನ್ನ ಒಂದೊಂದಾಗಿ ಕಿತ್ತು ಮಾರಿದ್ದಿದ್ರೆ ದೇಶಕ್ಕೆ ದೇಶವೇ ಎದ್ದು ನಿಲ್ತಿತ್ತು. ನಮ್ಮೂರ ಹವಾಲ್ದಾರರ ಸಾಮಾನಿಗೆ ಯಾಕೆ ಆ ಮರ್ಯಾದೆ ಇಲ್ಲ?

ಸೇನಾ ಮುಖ್ಯಸ್ಥರಾಗಿದ್ದ ನಮ್ಮ ಕಾರ್ಯಪ್ಪನವರು, ತಿಮ್ಮಯ್ಯನವರು ಅಂದ್ರೆ ಮಗು ಕೂಡ ಹೇಳ್ತದೆ. ಮಡಿಕೇರಿಲಿ ತಿಮ್ಮಯ್ಯನವರ ಮನೆ ಸನ್ನಿ ಸೈಡ್ 2021ರಲ್ಲಿ ಮ್ಯೂಸಿಯಂ ಆಯ್ತು, ರಾಷ್ಟ್ರಪತಿಗಳೇ ಬಂದು ಉದ್ಘಾಟನೆ ಮಾಡಿದ್ರು, ನಮಗೆಲ್ಲ ಹೆಮ್ಮೆ. ಆದ್ರೆ ನಾಯಕ್ ಆಗಿ, ಸುಬೇದಾರ್ ಆಗಿ ರಿಟೈರ್ ಆಗಿ ಬಂದು ಕಾಫಿ ಗಿಡದ ಮಧ್ಯೆ ಉಳಿದ ಆಯುಷ್ಯ ಕಳೆದವರ ಚರಿತ್ರೆ ಇರೋದು ಅಟ್ಟದ ಮೇಲಿನ ಟ್ರಂಕಲ್ಲಿ, ಬಿಳಿ ಪೇಂಟಲ್ಲಿ ನಂಬರು ಹೆಸರು ಬರೆದಿರ್ತದಲ್ಲ, ಅದರ ಒಳಗೆ. ಕೈಲ್‌ಪೊಳ್ದ್‌ಗೆ ಅಂದ್ರೆ ನಮ್ಮ ಆಯುಧಪೂಜೆ ಹಬ್ಬಕ್ಕೆ ಕೋವಿ ಒರೆಸಿ, ತೋಕ್ ಪೂ ಅನ್ನೋ ಹೂವು ಇಟ್ಟು ಪೂಜೆ ಮಾಡ್ತೀವಿ, ಟ್ರಂಕನ್ನ ಮಾತ್ರ ಯಾರೂ ಮುಟ್ಟಲ್ಲ. ನಮ್ಮ ಮಳೆ ಬೇರೆ ಕೇಳ್ಬೇಕಾ, ಒಂದು ಮಳೆಗಾಲ ಸಾಕು ಚರ್ಮದ ಸ್ಟ್ರಾಪಿಗೆ ಬೂಷ್ಟು ಹಿಡೀತದೆ, ರಿಬ್ಬನ್ ಕೊಳೀತದೆ, ಫೋಟೋ ಒಂದಕ್ಕೊಂದು ಅಂಟಿ ಕಿತ್ತರೆ ಮುಖನೇ ಬಂದುಬಿಡ್ತದೆ.

ವಾಚ್ ಸಿಕ್ಕಿದ್ರೆ ಮೊದಲು ಪಾಲಿಶ್‌ಗೆ ಕೊಡೋ ಅಭ್ಯಾಸ ಬಿಡಿ. ವೆಸ್ಟ್ ಎಂಡ್ ಸವಾರ್ ಪ್ರೈಮಾ ಇರಲಿ, ಎಚ್‌ಎಂಟಿ ಜವಾನ್ ಇರಲಿ, ಡಯಲ್‌ಗೆ ಹೊಸ ಬಣ್ಣ ಹೊಡೆಸಿದ್ರೆ ಬೆಲೆನೂ ಹೋಯ್ತು ಕಥೆನೂ ಹೋಯ್ತು. ತುಂಬಾ ಹಳೇ ವಾಚಿನ ಅಂಕಿಗಳಿಗೆ ಕತ್ತಲಲ್ಲಿ ಹೊಳೀಲಿ ಅಂತ ರೇಡಿಯಂ ಅನ್ನೋ ವಿಕಿರಣ ಸೂಸೋ ವಸ್ತು ಬಳಿದಿರ್ತಾರೆ, ಮುಳ್ಳು ವರ್ಷಗಟ್ಟಲೆ ಒಂದೇ ಕಡೆ ನಿಂತಿದ್ರೆ ಡಯಲ್ ಮೇಲೆ ಅದರದ್ದೇ ಆಕಾರದಲ್ಲಿ ಕಂದು ಕಲೆ ಬಿದ್ದಿರ್ತದೆ. ಅದು ಕೊಳೆ ಅಲ್ಲ, ಉಜ್ಜಬೇಡಿ. ಕತ್ತಲಲ್ಲಿ ಹೊಳೀತಿಲ್ಲ ಅಂದ್ರೆ ರೇಡಿಯಂ ಸತ್ತಿದೆ ಅಂತಲ್ಲ, ಅದು ಅರ್ಧ ಆಗೋಕೇ 1600 ವರ್ಷ ಬೇಕು, ಬೆಳಕು ಕೊಡೋ ಪುಡಿ ಸುಸ್ತಾಗಿರ್ತದೆ ಅಷ್ಟೇ. ಹಾಗಾಗಿ ಮನೇಲಿ ಚಾಕು ಹಾಕಿ ಮುಚ್ಚಳ ತೆಗೆದು ಕೆರೆಯೋದು ಆರೋಗ್ಯಕ್ಕೂ ಒಳ್ಳೇದಲ್ಲ.

ಮಾರಲೇಬೇಕು ಅಂದ್ರೆ ಮಾರಿ, ಆದ್ರೆ ಹರಾಜಿನವರಿಗೆ ಖಡಾಖಂಡಿತ ಹೇಳಿ, ಎಲ್ಲ ಸೇರಿ ಒಂದೇ ಲಾಟು, ಇಲ್ಲಾಂದ್ರೆ ವಾಪಸ್ ಕೊಡಿ ಅಂತ. ಕೊಡೋ ಮುಂಚೆ ಪ್ರತಿ ಪುಟ, ಪ್ರತಿ ಮೆಡಲಿನ ಅಂಚು ಫೋಟೋ ತೆಗೀರಿ. ಮನೇಲಿ ವಯಸ್ಸಾದವರು ಇದ್ರೆ ಅವರನ್ನ ಕೂರಿಸಿ ಮೊಬೈಲಲ್ಲಿ ರೆಕಾರ್ಡ್ ಮಾಡಿ, ವಾಚ್ ಎಲ್ಲಿ ತಗೊಂಡ್ರು, ಎಷ್ಟು ಕೊಟ್ರು, ಯಾವ ಪೋಸ್ಟಿಂಗಲ್ಲಿ ಗಾಜು ಒಡೀತು, ಎಲ್ಲ ಕೇಳಿ. ಹರಾಜಿಗೆ ಹಾಕೋ ಮುಂಚೆ ಮ್ಯೂಸಿಯಮ್ಮಿನವರನ್ನೂ ಒಂದ್ಸಲ ವಿಚಾರಿಸಿ.

ಈ ಪೋಸ್ಟ್ ಆ ಮನೆಯವ್ರಿಗೆ ಮುಟ್ಟಿದ್ರೆ, ಹರಾಜು ಇನ್ನೂ ಶುರುವಾಗಿಲ್ಲ, ಮೂರು ಲಾಟನ್ನ ಒಂದು ಮಾಡಿ ಅಂತ ಇವತ್ತೇ ಒಂದು ಫೋನ್ ಮಾಡಿ. ಬೇರೆ ಯಾರ ಮನೇಲಾದ್ರೂ ಟ್ರಂಕ್ ಇದ್ದು ಫೋಟೋ ತೆಗೆಯೋಕೆ, ಬರೆದಿಡೋಕೆ ಕೈ ಬೇಕಿದ್ರೆ ಮೆಸೇಜ್ ಹಾಕಿ. ಗೋಣಿಕೊಪ್ಪ, ಪೊನ್ನಂಪೇಟೆ, ವಿರಾಜಪೇಟೆ ಕಡೆ ಆದ್ರೆ ಭಾನುವಾರ ನಾನೇ ಬರ್ತೇನೆ.