ಆಕ್ಸಿಯೋಸ್ ಬೇಕಾ, ಫೆಚ್ ಸಾಕಾ?

ಹೋದ ತೊಗರಿ ಸೀಸನ್‌ನಲ್ಲಿ ಕಲಬುರಗಿಯ ಒಬ್ಬ ದಾಲ್‌ಮಿಲ್ ಮಾಲೀಕರಿಗೆ ಸಣ್ಣದೊಂದು ವೆಬ್ ಪುಟ ಮಾಡಿಕೊಟ್ಟಿದ್ದೆ. ದಿನದ ರೇಟನ್ನು ಇನ್ನೊಂದು ಸರ್ವರ್‌ನಿಂದ ತಂದು ತೋರಿಸಬೇಕು, ಅಷ್ಟೇ ಕೆಲಸ. ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್‌ನಲ್ಲಿ ಬರೆದೆ. ಆ ಒಂದೇ ಒಂದು ರಿಕ್ವೆಸ್ಟ್‌ಗೆ ಆಕ್ಸಿಯೋಸ್ ಅನ್ನುವ ಹೊರಗಿನ ಪ್ಯಾಕೇಜ್ ಹಾಕಿದ್ದೆ. ಒಂದು ಬೆಳಿಗ್ಗೆ ಅವರ ಫೋನ್ ಬಂತು. "ಸರ, ಬರೀ ಚಕ್ರ ತಿರಗಲಿಕತ್ತದ್ರಿ. ರೇಟ್ ಬರವಲ್ದು."

ಆ ಕಡೆಯ ಸರ್ವರ್ ಉತ್ತರವನ್ನೂ ಕೊಡುತ್ತಿರಲಿಲ್ಲ, ಆಗಲ್ಲ ಅಂತಲೂ ಹೇಳುತ್ತಿರಲಿಲ್ಲ. ಆಕ್ಸಿಯೋಸ್‌ನಲ್ಲಿ ಟೈಮ್‌ಔಟ್ ಡಿಫಾಲ್ಟ್ ಆಗಿ ಸೊನ್ನೆ. ಅಂದರೆ ಕಾಯುವುದಕ್ಕೆ ಮಿತಿಯೇ ಇಲ್ಲ. ನಾನೂ ಕೊಟ್ಟಿರಲಿಲ್ಲ.

ಅದನ್ನು ತೆಗೆದು, ಅದೇ ಕೆಲಸ ಮಾಡುವ ನೋಡ್‌ನದೇ ಫೆಚ್ ಹಾಕಿದೆ. 2022ರಲ್ಲಿ ಬಂದ ನೋಡ್ 18ರಿಂದ ಅದು ಜೊತೆಗೇ ಬರುತ್ತದೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಆದರೆ ಅದನ್ನೂ ಸುಮ್ನೆ ಬಿಟ್ಟರೆ ಉತ್ತರದ ಹೆಡರ್‌ಗಾಗಿ, ಅಂದರೆ ಉತ್ತರದ ಮೊದಲ ಭಾಗಕ್ಕಾಗಿ, 5 ನಿಮಿಷ ಕಾಯುತ್ತದೆ. ಚೀಲ ಇಳಿಸಿ ನಿಂತ ರೈತನಿಗೆ 5 ನಿಮಿಷ ಜಾಸ್ತಿ ಅಲ್ವಾ? ಹೊತ್ತು ಮೀರಿದರೆ ರಿಕ್ವೆಸ್ಟ್ ನಿಲ್ಲಿಸುವ ಅಬಾರ್ಟ್‌ಸಿಗ್ನಲ್‌ನ ಒಂದು ಸಾಲು ಸೇರಿಸಿ 8 ಸೆಕೆಂಡ್ ಇಟ್ಟೆ. ಮರುದಿನ ಇನ್ನೊಂದು ಕಾಟ. ಸರ್ವರ್ 500 (ತನ್ನಲ್ಲೇ ತೊಂದರೆ ಅನ್ನುವ ಸ್ಟೇಟಸ್ ಕೋಡ್) ಕಳಿಸಿತ್ತು, ಪುಟದಲ್ಲಿ ರೇಟಿನ ಜಾಗ ಖಾಲಿ. 404 (ಕೇಳಿದ್ದು ಸಿಗಲಿಲ್ಲ), 500 ಬಂದರೆ ಆಕ್ಸಿಯೋಸ್ ತಾನೇ ಎರರ್ ಕೊಡುತ್ತದೆ. ಫೆಚ್ ಕೊಡುವುದಿಲ್ಲ. ಸ್ಟೇಟಸ್ ನಾವೇ ನೋಡಬೇಕು.

ಇಷ್ಟಾದ ಮೇಲೂ ನನ್ನ ಮಾತು ಇದೇ: ಒಂದೆರಡು ರಿಕ್ವೆಸ್ಟ್ ಇದ್ದರೆ ಜೊತೆಗೆ ಬಂದಿದ್ದನ್ನೇ ಬಳಸಿ. ಇಲ್ಲಿನ ಇಂಜಿನಿಯರಿಂಗ್ ಮಕ್ಕಳು ಪ್ರಾಜೆಕ್ಟ್ ತೋರಿಸಲು ಬರುತ್ತಾರೆ. ಮೊದಲ ಹೆಜ್ಜೆಯೇ ಹೊರಗಿನ ಪ್ಯಾಕೇಜ್ ತರುವ ಎನ್‌ಪಿಎಂ ಇನ್‌ಸ್ಟಾಲ್. ಯಾಕಪ್ಪಾ ಅಂದರೆ, ವಿಡಿಯೋದಲ್ಲಿ ಹಾಗೇ ಇತ್ತು ಸರ್ ಅನ್ನುತ್ತಾರೆ. ಹೊರಗಿನ ಪ್ಯಾಕೇಜ್ ಒಂದು ತಂದರೆ ಅದರ ಬೆನ್ನಿಗೆ ಬರುವವುಗಳ ಅಪ್‌ಡೇಟ್ ಕೂಡ ನಮ್ಮ ತಲೆಗೇ. ನೋಡ್‌ನಲ್ಲಿ ಇದೇ ಕೆಲಸಕ್ಕೆ ಒಂದು ಕಾಲಕ್ಕೆ ಎಲ್ಲೆಲ್ಲೂ ಇದ್ದ 'ರಿಕ್ವೆಸ್ಟ್' ಪ್ಯಾಕೇಜನ್ನು ಅದನ್ನು ನೋಡಿಕೊಳ್ಳುತ್ತಿದ್ದವರೇ 2020ರಲ್ಲಿ ನಿಲ್ಲಿಸಿಬಿಟ್ಟರು. ಅದನ್ನು ನಂಬಿದ ಹಳೆಯ ಕೋಡ್ ಈಗಲೂ ನನ್ನ ಕೈಗೆ ಬರುತ್ತದೆ. ಬಿಚ್ಚಿ ಕಟ್ಟುವುದಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಆ ಕಷ್ಟ ನಮ್ಮ ಹುಡುಗರಿಗೆ ಬೇಡ ಅನ್ನಿಸುತ್ತದೆ.

ಪೈಥಾನ್‌ನಲ್ಲಿ ಮಾತ್ರ ಹೀಗೆ ಹೇಳಲ್ಲ. ಅಲ್ಲಿ ಜೊತೆಗೇ ಬರುವ ಯುಆರ್‌ಎಲ್‌ಲಿಬ್‌ನಲ್ಲಿ ಜೇಸನ್ ರೂಪದ ಡೇಟಾ ಕಳಿಸಬೇಕಾದರೆ ಬೈಟ್ಸ್ ಮಾಡಬೇಕು, ಹೆಡರ್ ಹಾಕಬೇಕು, ಬಂದದ್ದನ್ನು ಡಿಕೋಡ್ ಮಾಡಬೇಕು. ಪೈಥಾನ್‌ನ ಅಧಿಕೃತ ಕೈಪಿಡಿಯೇ ರಿಕ್ವೆಸ್ಟ್ಸ್ ಲೈಬ್ರರಿ (ಮೇಲಿನ 'ರಿಕ್ವೆಸ್ಟ್' ಬೇರೆ) ಒಳ್ಳೆಯದು ಅನ್ನುತ್ತದೆ. ಧಾರಾಳವಾಗಿ ಬಳಸಿ. ಟೈಮ್‌ಔಟ್ ಅಲ್ಲೂ ನೀವೇ ಕೊಡಬೇಕು.

ಈಗ ಅದೇ ಮಾಲೀಕರು ರೈತರು ತೊಗರಿ ಸ್ಯಾಂಪಲ್‌ನ ಫೋಟೋ ಕಳಿಸುವ ಪುಟ ಕೇಳಿದ್ದಾರೆ. ಹಳ್ಳಿಗಳಲ್ಲಿ ನೆಟ್ ನಿಧಾನ. ಫೋಟೋ ಎಷ್ಟು ಪರ್ಸೆಂಟ್ ಹೋಯಿತು ಅಂತ ಕಾಣದಿದ್ದರೆ ಅರ್ಧಕ್ಕೇ ಮುಚ್ಚಿಬಿಡುತ್ತಾರೆ. ಬ್ರೌಸರ್‌ನ ಫೆಚ್ ಆ ಲೆಕ್ಕ ಹೇಳುವುದಿಲ್ಲ, ಆಕ್ಸಿಯೋಸ್ ಹೇಳುತ್ತದೆ. ಆ ಒಂದು ಪುಟಕ್ಕೆ ಅದನ್ನು ಮತ್ತೆ ತಂದಿದ್ದೇನೆ.