ಸಹಿ ಹಾಕಿದವರ ಪರವಾಗಿ ಒಂದು ಮಾತು

ಮೇ ಒಂದರ ಸಭೆಗಳಲ್ಲಿ ಶಿಕಾಗೋ ಹುತಾತ್ಮರ ಕಥೆ ಬಂದೇ ಬರುತ್ತದೆ. ಗಲ್ಲಿಗೇರಿದ ನಾಲ್ವರನ್ನು ನೆನೆದು, ಘೋಷಣೆ ಕೂಗಿ, ಟೀ ಕುಡಿದು ಎಲ್ಲರೂ ಮನೆಗೆ ಹೋಗುತ್ತಾರೆ. ಗವರ್ನರಿಗೆ ಕ್ಷಮಾದಾನದ ಅರ್ಜಿ ಬರೆದು ಉಳಿದುಕೊಂಡ ಇಬ್ಬರನ್ನು ಯಾರೂ ಕೇಳುವುದಿಲ್ಲ. ಹೆಸರು ಬಂದರೂ "ಅವರು ಬಗ್ಗಿಬಿಟ್ಟರು" ಅನ್ನುವ ಧಾಟಿ. ಇದಕ್ಕೆ ನನ್ನ ತಕರಾರಿದೆ.

1886ರ ಮೇ 4ರ ರಾತ್ರಿ. ಎಂಟು ಗಂಟೆ ದುಡಿಮೆಗಾಗಿ ಮುಷ್ಕರ ನಡೆದಿತ್ತು, ಹಿಂದಿನ ದಿನವಷ್ಟೇ ಮೆಕಾರ್ಮಿಕ್ ಕಾರ್ಖಾನೆ ಎದುರು ಪೊಲೀಸರ ಗುಂಡಿಗೆ ಕಾರ್ಮಿಕರು ಸತ್ತಿದ್ದರು. ಅದನ್ನು ಖಂಡಿಸಲು ಶಿಕಾಗೋದ ಹೇಮಾರ್ಕೆಟ್ ಚೌಕದ ಬಳಿ ಸಭೆ. ಮೋಡ ಕವಿದು ಜನ ಚದುರತೊಡಗಿದ್ದರು. ಬಂಡಿಯ ಮೇಲೆ ನಿಂತು ಕೊನೆಯ ಭಾಷಣ ಮಾಡುತ್ತಿದ್ದವರು ಸ್ಯಾಮ್ಯುಯೆಲ್ ಫೀಲ್ಡನ್, ಇಂಗ್ಲೆಂಡಿನಿಂದ ಬಂದು ಗಾಡಿಯಲ್ಲಿ ಕಲ್ಲು ಸಾಗಿಸಿ ಹೊಟ್ಟೆ ಹೊರೆಯುತ್ತಿದ್ದವರು. ಪೊಲೀಸರು ನುಗ್ಗಿ ಚದುರಿ ಎಂದರು. ನಾವು ಶಾಂತವಾಗೇ ಇದ್ದೇವಲ್ಲ ಅಂದರು ಫೀಲ್ಡನ್. ಅಷ್ಟರಲ್ಲಿ ಯಾರೋ ಬಾಂಬ್ ಎಸೆದರು. ಏಳು ಪೊಲೀಸರು ಸತ್ತರು. ಎಸೆದವನು ಯಾರೆಂದು ಇವತ್ತಿಗೂ ಸಾಬೀತಾಗಿಲ್ಲ. ಆದರೂ ಫೀಲ್ಡನ್ ಸೇರಿ ಎಂಟು ಮಂದಿ ತಪ್ಪಿತಸ್ಥರೆಂದು ತೀರ್ಪಾಯಿತು: ಏಳು ಜನರಿಗೆ ಗಲ್ಲು, ಆಸ್ಕರ್ ನೀಬೆಗೆ 15 ವರ್ಷ.

1887ರ ನವೆಂಬರ್ ಹೊತ್ತಿಗೆ ಕೋರ್ಟುಗಳ ಬಾಗಿಲೆಲ್ಲ ಮುಚ್ಚಿತ್ತು. ಉಳಿದದ್ದು ಶಿಕಾಗೋ ಇರುವ ಇಲಿನಾಯ್ ರಾಜ್ಯದ ಗವರ್ನರ್ ರಿಚರ್ಡ್ ಓಗಲ್ಸ್‌ಬಿ ಒಬ್ಬರೇ. ಗಲ್ಲು ತಪ್ಪಿಸಿ ಎಂದು ಜನ ಹಾಕಿದ ಸಹಿಗಳ ರಾಶಿ ಅವರ ಮೇಜಿನ ಮೇಲೆ ಬಿದ್ದಿತ್ತು. ನವೆಂಬರ್ 9ರಂದು ಕಾರ್ಮಿಕ ನಾಯಕ ಸ್ಯಾಮ್ಯುಯೆಲ್ ಗೊಂಪರ್ಸ್ ಸೇರಿದಂತೆ ಬಹಳ ಜನ ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡಿಗೆ ಹೋಗಿ ಖುದ್ದಾಗಿ ಬೇಡಿಕೊಂಡರು. ಆದರೆ ಊರೆಲ್ಲ ಬೇಡಿದರೂ ಸಾಲದು, ಕೈದಿಯೇ ಸ್ವತಃ ಕೇಳಬೇಕು ಅನ್ನುವುದು ಆಗ ಅಲ್ಲಿನ ಕಾನೂನಾಗಿತ್ತು. ನನಗೆ ಸಿಟ್ಟು ಬರುವುದು ಇಲ್ಲೇ. ಮಾಡದ ತಪ್ಪಿಗೆ ನೇಣಿನ ಎದುರು ನಿಂತವನು, ನೇಣು ಹಾಕುತ್ತಿರುವ ಸರ್ಕಾರದ ಮುಂದೆಯೇ ಕೈಚಾಚಬೇಕು!

ಗಲ್ಲಿಗೆ ಗುರಿಯಾದ ಏಳು ಜನರಲ್ಲಿ ಆಲ್ಬರ್ಟ್ ಪಾರ್ಸನ್ಸ್ ಕೈಚಾಚಲಿಲ್ಲ. ವಕೀಲರು, ಗೆಳೆಯರು ಎಷ್ಟು ಹೇಳಿದರೂ ಕೇಳಲಿಲ್ಲ. ಬದಲಿಗೆ ಗವರ್ನರಿಗೆ ಕೊಂಕು ತುಂಬಿದ ಪತ್ರ ಬರೆದರು: ಆ ಸಭೆಗೆ ಬಂದದ್ದೇ ಅಪರಾಧವಾದರೆ ನನ್ನ ಹೆಂಡತಿ ಮಕ್ಕಳೂ ಬಂದಿದ್ದರು, ಅವರ ವಿಚಾರಣೆಯೂ ಮುಗಿಯಲಿ, ಅಲ್ಲಿಯವರೆಗೆ ನನ್ನ ಗಲ್ಲು ತಡೆಯಿರಿ, ಒಟ್ಟಿಗೇ ಸಾಯುತ್ತೇವೆ ಅಂತ. ಸಾವಿನ ಬಾಗಿಲಲ್ಲಿ ನಿಂತು ಹೀಗೆ ಬರೆಯಲು ಎಂಟೆದೆ ಬೇಕು. ಫಿಷರ್, ಎಂಗೆಲ್, ಲಿಂಗ್ ಕೂಡ ಕ್ಷಮೆ ಬೇಡವೆಂದರು. ಸ್ಪೀಸ್ ಮೊದಲು ಕ್ಷಮಾದಾನದ ಅರ್ಜಿಗೆ ಸಹಿ ಹಾಕಿ, ಸಂಗಾತಿಗಳ ಬೈಗುಳ ತಿಂದು, ಆಮೇಲೆ ನನ್ನೊಬ್ಬನ ಜೀವ ತೆಗೆದುಕೊಂಡು ಉಳಿದವರನ್ನು ಬಿಡಿ ಎಂದು ಬರೆದರು.

ಫೀಲ್ಡನ್ ಮತ್ತು ಮೈಕೆಲ್ ಶ್ವಾಬ್ ಸಹಿಗೆ ಅಂಟಿಕೊಂಡರು. ಆವೇಶದಲ್ಲಿ ಆಡಿದ ಮಾತಿಗೆ ವಿಷಾದಿಸಿದರೇ ಹೊರತು ಬಾಂಬ್ ಎಸೆದೆವು ಎಂದು ಒಪ್ಪಲಿಲ್ಲ. ಫೀಲ್ಡನ್ ಪರವಾಗಿ, ಗಲ್ಲು ವಿಧಿಸಿದ ಜಡ್ಜ್ ಗ್ಯಾರಿಯೇ ಗವರ್ನರಿಗೆ ಬರೆದಿದ್ದರು. (ತೀರ್ಪು ಕೊಡುವಾಗ ಈ ಕರುಣೆ ಎಲ್ಲಿ ಹೋಗಿತ್ತೋ!) ನವೆಂಬರ್ 10ರಂದು ಇಬ್ಬರ ಶಿಕ್ಷೆ ಜೀವಾವಧಿಗೆ ಇಳಿಯಿತು. ಲಿಂಗ್ ಅದೇ ದಿನ ಜೈಲಿನ ಕೋಣೆಯಲ್ಲೇ ಜೀವ ಕಳೆದುಕೊಂಡರು. ಮರುದಿನ ನಾಲ್ವರಿಗೆ ಗಲ್ಲಾಯಿತು.

ಪಾರ್ಸನ್ಸ್ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಯಲಾರೆ ಅಂದವನನ್ನು ಹೇಡಿ ಅನ್ನಲು ನಾವ್ಯಾರು? ಫ್ಯಾನ್ ಕೆಳಗೆ ಕುರ್ಚಿ ಹಾಕಿಕೊಂಡು ಕೂತ ನಮಗೆ ಬೇರೆಯವರ ಕೊರಳಿನ ಬಗ್ಗೆ ಇಷ್ಟು ಧೈರ್ಯ ಎಲ್ಲಿಂದ ಬರುತ್ತದೋ. ಇನ್ನೊಂದು ವಿಷಯ: ಎಲ್ಲರೂ ಸತ್ತಿದ್ದರೆ ಬಿಡಿಸಲು ಜೈಲಿನಲ್ಲಿ ನೀಬೆ ಒಬ್ಬರೇ ಉಳಿಯುತ್ತಿದ್ದರು. ಬದುಕಿದ್ದ ಮೂವರಿಗಾಗಿ ಮತ್ತೆ ಸಹಿ ಸಂಗ್ರಹ ನಡೆಯಿತು, ಹೊಸ ಗವರ್ನರ್ ಜಾನ್ ಪೀಟರ್ ಆಲ್ಟ್‌ಗೆಲ್ಡ್ ದಾಖಲೆಗಳನ್ನೆಲ್ಲ ತರಿಸಿ ಓದಿದರು.

1893ರ ಜೂನ್ 26ರಂದು ಮೂವರನ್ನೂ ಬಿಟ್ಟರು. ಸಾಕಷ್ಟು ಶಿಕ್ಷೆ ಅನುಭವಿಸಿದ್ದಾರೆ, ಪಾಪ, ಎಂದು ಎರಡು ಸಾಲು ಗೀಚಿ ಮುಗಿಸಬಹುದಿತ್ತು. ಹಾಗೆ ಮಾಡದೆ ಉದ್ದನೆಯ ಆದೇಶ ಬರೆದು, ಜ್ಯೂರಿಯನ್ನು (ತೀರ್ಪು ಹೇಳುವ ನಾಗರಿಕರ ತಂಡವನ್ನು) ಬೇಕೆಂತಲೇ ಆರೋಪಿಗಳಿಗೆ ವಿರುದ್ಧವಾಗಿರುವಂತೆ ಆರಿಸಿದ್ದರು, ಅಪರಾಧ ಸಾಬೀತಾಗಿಲ್ಲ, ಜಡ್ಜ್ ಪಕ್ಷಪಾತಿಯಾಗಿದ್ದರು ಎಂದು ಒಂದೊಂದಾಗಿ ಬಿಡಿಸಿಟ್ಟರು. ಗಲ್ಲಾದವರ ಮೇಲಿನ ಮೊಕದ್ದಮೆಯೂ ಅದೇ ಆಗಿದ್ದರಿಂದ ಈ ಮಾತುಗಳು ಅವರಿಗೂ ಸಂದವು. ಪತ್ರಿಕೆಗಳು ಆಲ್ಟ್‌ಗೆಲ್ಡ್‌ರನ್ನು ಅರಾಜಕತಾವಾದಿ ಎಂದು ಜರೆದವು. 1896ರ ಚುನಾವಣೆಯಲ್ಲಿ ಅವರು ಸೋತರು.